ಒಪ್ಪಿಗೆ ಪತ್ರವು ಸಮಾಲೋಚನೆಯಲ್ಲ

2025ರ ಮೇ ತಿಂಗಳ ಕೊನೆಯಲ್ಲಿ, ಬೇಸಿಗೆ ರಜೆ ಮುಗಿದು ಶಾಲೆಗಳು ಆರಂಭವಾದ ಬೆನ್ನಲ್ಲೇ ರಾಜ್ಯ ಸರಕಾರ ಒಂದು ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಪಾಲಕರು ಶಾಲೆಗೆ ಕಳುಹಿಸಬಾರದು, ವೈದ್ಯರ ಸಲಹೆಯಂತೆ ಚಿಕಿತ್ಸೆ ಕೊಡಿಸಿ ಲಕ್ಷಣಗಳು ಪೂರ್ಣ ಇಳಿದ ಮೇಲೆಯೇ ಕಳುಹಿಸಬೇಕು, ಲಕ್ಷಣಗಳೊಂದಿಗೆ ಬಂದ ಮಗುವಿನ ವಿಷಯವನ್ನು ಪಾಲಕರಿಗೆ ತಿಳಿಸಿ ಮನೆಗೆ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಕೊರೋನಾ ಪ್ರಕರಣಗಳು ಮತ್ತೆ ಕಾಣಿಸಿಕೊಂಡ ಆ ದಿನಗಳಲ್ಲಿ ಇಂತಹ ಸೂಚನೆ ಬಂದದ್ದು ಸಹಜ. ಅದರಲ್ಲಿ ಆಕ್ಷೇಪಿಸುವಂತಹ ಮಾತು ಒಂದೂ ಇಲ್ಲ.

ಆದರೆ ಈ ಸುತ್ತೋಲೆ ಬೆಂಗಳೂರಿನಿಂದ ಹೊರಟು, ಕಲಬುರಗಿಯನ್ನು ದಾಟಿ, ನಮ್ಮ ಶಹಾಬಾದಿನ ಓಣಿಗೆ ಬಂದು ತಲುಪಿದಾಗ ಏನಾಗುತ್ತದೆ ಎಂಬುದನ್ನು ಯೋಚಿಸಬೇಕಾಗಿದೆ. ತಂದೆ ಫರ್ಸಿ ಕಲ್ಲಿನ ಖಣಿಗೆ ಹೋಗಿರುತ್ತಾನೆ. ತಾಯಿ ಇನ್ನೊಬ್ಬರ ಮನೆಯ ಕೆಲಸಕ್ಕೋ, ಹೊಲದ ಕೂಲಿಗೋ ಹೋಗಿರುತ್ತಾಳೆ. ಮನೆಗೆ ಬೀಗ. ಹನ್ನೊಂದು ಗಂಟೆಗೆ ಮೈ ಬೆಚ್ಚಗಾದ ಎಂಟು ವರ್ಷದ ಮಗುವನ್ನು ಶಾಲೆಯವರು ಮನೆಗೆ ಕಳುಹಿಸಿದರೆ ಆ ಮಗು ಹೋಗುವುದು ಯಾರ ಬಳಿಗೆ? ತಾಯಿ ಕೂಲಿ ಬಿಟ್ಟು ಬಂದರೆ ಅಂದಿನ ಗಂಜಿಗೆ ದಾರಿಯೇನು? ಮನೆಯಲ್ಲಿರುವುದು ಒಂದೇ ಕೋಣೆ. ಅದರಲ್ಲಿ ಕಲ್ಲಿನ ಧೂಳು ಕುಡಿದು ಎದೆ ಕೆಟ್ಟ ಅಜ್ಜನೂ ಮಲಗಿದ್ದಾನೆ. ಶಾಲೆಯನ್ನು ರಕ್ಷಿಸಲು ಮನೆಗೆ ಕಳುಹಿಸಿದ ಕಾಯಿಲೆ ಆ ಮನೆಯಲ್ಲಿ ಯಾರನ್ನು ಹುಡುಕುತ್ತದೆ?

ಈ ಪ್ರಶ್ನೆಗಳನ್ನು ಸುತ್ತೋಲೆ ಕೇಳುವುದಿಲ್ಲ. ಕೇಳಬೇಕಾದ ಜಾಗದಲ್ಲಿ ಇರುವವರು ಪಾಲಕರು. ಅವರನ್ನು ಕೇಳುವ ಪದ್ಧತಿಯೇ ನಮ್ಮಲ್ಲಿ ಬೆಳೆದಿಲ್ಲ. ರೋಗದ ಕಾಲದಲ್ಲಿ ಶಾಲೆಗಳ ಮುನ್ನೆಚ್ಚರಿಕೆ ಎಂದರೆ ಪಾಲಕರಿಗೆ ಕಳುಹಿಸುವ ಆದೇಶವಾಗಬಾರದು, ಪಾಲಕರೊಂದಿಗೆ ಕೂಡಿ ಹೊರುವ ಅಮಾನತು ಆಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಮುನ್ನೆಚ್ಚರಿಕೆ ಮತ್ತು ತವಕ್ಕುಲ್

ಮೊದಲು ನಮ್ಮ ಮನೆಗಳಲ್ಲಿಯೇ ಕೇಳಿಬರುವ ಒಂದು ಮಾತನ್ನು ಪರಿಶೀಲಿಸೋಣ. ಹಣೆಯಲ್ಲಿ ಬರೆದದ್ದು ತಪ್ಪದು, ಅಲ್ಲಾಹನು ಇಚ್ಛಿಸಿದರೆ ಮಾತ್ರ ರೋಗ ಬರುತ್ತದೆ, ಮಾಸ್ಕಿನಿಂದ ಏನಾದೀತು ಎಂದು ಕೆಲವರು ಹೇಳುವುದುಂಟು. ಮಾತಿನ ಮೊದಲರ್ಧ ನಮ್ಮ ಈಮಾನಿನ ಭಾಗ. ಎರಡನೆಯ ಅರ್ಧವು ಈಮಾನಿನಿಂದ ಹುಟ್ಟಿದ್ದಲ್ಲ, ಆಲಸ್ಯದಿಂದ ಹುಟ್ಟಿದ್ದು.

ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿ ಆ ಮೇಲೆ ಭರವಸೆ ಇಡುವಂತೆ ಪ್ರವಾದಿವರ್ಯರು(ಸ) ಕಲಿಸಿದ ಪ್ರಸಂಗವನ್ನು ಇಮಾಮ್ ತಿರ್ಮಿದಿ ವರದಿ ಮಾಡಿದ್ದಾರೆ. ರೋಗಪೀಡಿತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳಿರುವಲ್ಲಿಗೆ ತರಬಾರದೆಂದೂ ಅವರು(ಸ) ಕಲಿಸಿದರು. ಮೂಕ ಪ್ರಾಣಿಗಳ ವಿಷಯದಲ್ಲಿಯೇ ಇಷ್ಟು ಜಾಗ್ರತೆ ಕಲಿಸಿದ ಧರ್ಮವು ಮಕ್ಕಳ ವಿಷಯದಲ್ಲಿ ಅಜಾಗ್ರತೆಯನ್ನು ಒಪ್ಪುವುದುಂಟೇ? ಪಿಡುಗು ಹಬ್ಬಿದ ನಾಡಿಗೆ ಹೊರಗಿನವರು ಹೋಗದಿರಲಿ, ಅಲ್ಲಿರುವವರು ಅದರಿಂದ ಪಲಾಯನ ಮಾಡಿ ಹೊರಬರದಿರಲಿ ಎಂಬ ಪ್ರವಾದಿ ಬೋಧನೆಯು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಸ್ವಂತ ಕೈಗಳಿಂದಲೇ ತಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳುವುದನ್ನು ಅಲ್ ಬಕರಃ ಅಧ್ಯಾಯದ 195ನೆಯ ಸೂಕ್ತವು ನಿಷೇಧಿಸುತ್ತದೆ. ಆದುದರಿಂದ ಕೆಮ್ಮುವ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಕೇವಲ ಸರಕಾರದ ಮಾತನ್ನು ಪಾಲಿಸಿದಂತಲ್ಲ. ನೆರೆಯವನ ಮಗುವಿನ ಹಕ್ಕನ್ನು ಕಾಪಾಡಿದಂತೆ.

ಅಷ್ಟೇ ಅಲ್ಲ, ಕಷ್ಟದ ಕಾಲದಲ್ಲಿ ವಿಧಿಗಳನ್ನು ಸಡಿಲಿಸುವುದೂ ಶರೀಅತ್ತಿನ ಗುಣ. ಭಾರೀ ಮಳೆ ಸುರಿದ ದಿನ ಇಬ್ನು ಅಬ್ಬಾಸ್(ರ) ಅವರು, ಜನರು ಮನೆಗಳಲ್ಲಿಯೇ ನಮಾಝ್ ನಿರ್ವಹಿಸುವಂತೆ ಅಝಾನಿನ ಸಂದರ್ಭದಲ್ಲಿಯೇ ಸಾರಿ ಹೇಳಿಸಿದರು. ಪ್ರವಾದಿವರ್ಯರು(ಸ) ಹೀಗೆ ಮಾಡಿದ್ದರೆಂದು ಅದಕ್ಕೆ ಆಧಾರವನ್ನೂ ಕೊಟ್ಟರು. ಕೆಸರಿನಲ್ಲಿ ನಡೆಯುವ ಕಷ್ಟಕ್ಕಾಗಿಯೇ ಇಷ್ಟು ರಿಯಾಯಿತಿ ಕೊಟ್ಟ ಧರ್ಮ ನಮ್ಮದು. 2020ರ ರಮಝಾನಿನಲ್ಲಿ ನಮ್ಮ ಮಸೀದಿಗಳ ಬಾಗಿಲು ಮುಚ್ಚಿ ಮನೆಗಳಲ್ಲಿ ತರಾವೀಹ್ ನಡೆದಾಗ ಈ ತತ್ವವೇ ನಮಗೆ ಸಮಾಧಾನ ನೀಡಿತು.

ಸರ್ಗ್‌ನಲ್ಲಿ ನಡೆದ ಸಮಾಲೋಚನೆ

ಪಿಡುಗಿನ ಕಾಲದಲ್ಲಿ ಅಧಿಕಾರದಲ್ಲಿರುವವರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಖಲೀಫ ಉಮರ್(ರ) ಅವರ ಸಿರಿಯಾ ಪ್ರಯಾಣದ ಘಟನೆಗಿಂತ ದೊಡ್ಡ ಪಾಠವಿಲ್ಲ. ಈ ಘಟನೆಯನ್ನು ನಾವು ಜುಮಾ ಪ್ರವಚನಗಳಲ್ಲಿ ಹಲವು ಸಲ ಕೇಳಿದ್ದೇವೆ. ಸಾಮಾನ್ಯವಾಗಿ ಅದರ ಕೊನೆಯ ಭಾಗವನ್ನಷ್ಟೇ ಹೇಳಲಾಗುತ್ತದೆ. ಅದರ ಮೊದಲ ಭಾಗವೇ ಇಂದು ನಮಗೆ ಹೆಚ್ಚು ಅಗತ್ಯ.

ಉಮರ್(ರ) ಸಿರಿಯಾದತ್ತ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಅಬೂ ಉಬೈದಃ(ರ) ಮತ್ತು ಇತರ ಸೇನಾಪತಿಗಳು ಬಂದು, ಮುಂದಿನ ನಾಡಿನಲ್ಲಿ ಪಿಡುಗು ಹಬ್ಬಿದೆಯೆಂದು ತಿಳಿಸಿದರು. ಖಲೀಫರು ಕೂಡಲೇ ಆಜ್ಞೆ ಹೊರಡಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆಸಿ ಕೇಳಿದರು. ಅವರಲ್ಲಿ ಒಮ್ಮತ ಮೂಡಲಿಲ್ಲ. ಆ ಮೇಲೆ ಅನ್ಸಾರ್‌ಗಳನ್ನು ಕರೆಸಿದರು. ಅವರಲ್ಲಿಯೂ ಎರಡು ಅಭಿಪ್ರಾಯಗಳು. ಮೂರನೆಯದಾಗಿ ಮಕ್ಕಾ ವಿಜಯದ ಕಾಲದ ಕುರೈಶ್ ಹಿರಿಯರನ್ನು ಕರೆಸಿದರು. ಅವರು ಒಂದೇ ಸ್ವರದಲ್ಲಿ, ಜನರನ್ನು ಪಿಡುಗಿನ ಬಾಯಿಗೆ ಒಯ್ಯಬೇಡಿ, ಹಿಂದಿರುಗಿ ಎಂದರು. ಆಗ ಉಮರ್(ರ) ಹಿಂದಿರುಗುವ ನಿರ್ಧಾರವನ್ನು ಪ್ರಕಟಿಸಿದರು.

ಅಬೂ ಉಬೈದಃ(ರ) ಬಹಿರಂಗವಾಗಿಯೇ ಪ್ರಶ್ನಿಸಿದರು: ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರ. ಕಣಿವೆಯ ಒಂದು ಮಗ್ಗುಲು ಹಸಿರಾಗಿದ್ದು ಇನ್ನೊಂದು ಬರಡಾಗಿದ್ದರೆ, ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯಂತೆಯೇ ಅಲ್ಲವೇ ಎಂದು ಉದಾಹರಣೆಯನ್ನೂ ಕೊಟ್ಟರು. ಬಳಿಕ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಪಿಡುಗಿನ ಕುರಿತು ಪ್ರವಾದಿವರ್ಯರ(ಸ) ಮಾತನ್ನು ತಿಳಿಸಿದಾಗ, ನಿರ್ಧಾರಕ್ಕೆ ಆಧಾರ ದೊರೆತುದಕ್ಕಾಗಿ ಖಲೀಫರು ಅಲ್ಲಾಹನನ್ನು ಸ್ತುತಿಸಿ ಮರಳಿದರು. ಹಿಜರಿ 18ರ ಅಮ್ವಾಸ್ ಪಿಡುಗಿನಲ್ಲಿ ಅಬೂ ಉಬೈದಃ(ರ) ಮೃತರಾದರು.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಒಂದು, ನಿರ್ಧಾರಕ್ಕೆ ಮೊದಲೇ ಸಮಾಲೋಚನೆ ನಡೆಯಿತು, ಅನಂತರವಲ್ಲ. ಎರಡು, ಬೇರೆ ಬೇರೆ ವರ್ಗದವರನ್ನು ಬೇರೆ ಬೇರೆಯಾಗಿ ಕೇಳಲಾಯಿತು. ಭಿನ್ನಮತವನ್ನು ಯಾರೂ ಅವಿಧೇಯತೆಯೆಂದು ಕರೆಯಲಿಲ್ಲ. ಮೂರು, ಕೇಳಿದ್ದು ಎಲ್ಲರನ್ನಾದರೂ ಹೊಣೆಯನ್ನು ಖಲೀಫರು ತಾವೇ ಹೊತ್ತರು. ಮುಂದೇನಾದರೂ ಆದರೆ ನೀವೇ ಜವಾಬ್ದಾರರು ಎಂದು ಯಾರಿಂದಲೂ ಬರೆಸಿಕೊಳ್ಳಲಿಲ್ಲ.

ನಮ್ಮ ಜಿಲ್ಲೆ ಕಂಡ ಆ ದಿನಗಳು

ಈಗ ನಮ್ಮ ಅನುಭವದತ್ತ ನೋಡೋಣ. ಭಾರತದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದ್ದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೋಂಕು ದೃಢಪಟ್ಟದ್ದು 12ರಂದು. ಅಂದಿನಿಂದಲೇ ಜಿಲ್ಲೆಯ ಹೆಸರು ದೇಶದ ಬಾಯಲ್ಲಿ ಬಂತು. ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಗೆ ದುಡಿಯಲು ಹೋದ ನಮ್ಮ ಸೇಡಂ, ಚಿಂಚೋಳಿ, ಚಿತ್ತಾಪುರ ಭಾಗದ ಜನ ಹಿಂದಿರುಗಿದಾಗ, ಅವರಿಗೆ ಕ್ವಾರಂಟೈನ್ ಕೇಂದ್ರಗಳಾದದ್ದು ನಮ್ಮ ಸರಕಾರಿ ಶಾಲೆಗಳು ಮತ್ತು ವಸತಿ ನಿಲಯಗಳೇ. ಮಕ್ಕಳು ಅಕ್ಷರ ಕಲಿತ ಕೋಣೆಗಳಲ್ಲಿ ಅವರ ತಂದೆತಾಯಿಗಳು ದಿನಗಳನ್ನೆಣಿಸುತ್ತಾ ಕುಳಿತರು.

2020ರ ಜೂನ್ 25ರಿಂದ ಜುಲೈ 4ರವರೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿದ್ದ ಆ ಪರೀಕ್ಷೆಗೆ ಬಾಗಿಲಲ್ಲೇ ಜ್ವರ ತಪಾಸಣೆ, ಮಾಸ್ಕ್, ದೂರ ದೂರದ ಆಸನ, ಲಕ್ಷಣ ಇರುವವರಿಗೆ ಪ್ರತ್ಯೇಕ ಕೋಣೆ, ಎಲ್ಲವೂ ಸಿದ್ಧವಾಗಿದ್ದವು. ಇದನ್ನು ಮೆಚ್ಚಲೇಬೇಕು. ಇಲಾಖೆ ಮನಸ್ಸು ಮಾಡಿದರೆ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಬಲ್ಲುದು ಎಂಬುದಕ್ಕೆ ಅದು ಸಾಕ್ಷಿ. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಶಿಕ್ಷಕರು ಓಣಿ ಓಣಿಗೆ ಬಂದು ಗಿಡದ ನೆರಳಲ್ಲಿ, ಗುಡಿಯ ಕಟ್ಟೆಯಲ್ಲಿ, ಮಸೀದಿಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಕೆಲವೆಡೆ ಸೋಂಕಿನ ವರದಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ಅದು ನಿಂತಿತು. 2021ರ ಏಪ್ರಿಲ್ 17ರಂದು ನೆರೆಯ ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಅದರ ಕರ್ತವ್ಯಕ್ಕೆ ಹೋಗಿ ಸೋಂಕು ತಗುಲಿ ಮರಳಿ ಬಾರದ ಶಿಕ್ಷಕರನ್ನು ನಾವು ಮರೆಯಬಾರದು. ಮುನ್ನೆಚ್ಚರಿಕೆಯ ಭಾರ ಹೊತ್ತವರಲ್ಲಿ ಅವರೂ ಇದ್ದಾರೆ. ಶಿಕ್ಷಕರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ.

ಆ ಬಳಿಕ ಶಾಲೆಗಳು ಹಂತ ಹಂತವಾಗಿ ತೆರೆದವು. 2021ರ ಆಗಸ್ಟ್ 23ರಂದು ಸೋಂಕಿನ ಪ್ರಮಾಣ ನೂರಕ್ಕೆ ಎರಡಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು. ಅಂದರೆ ಒಂದನೆಯ ತರಗತಿಯ ಮಗು ಶಾಲೆಯ ಮೆಟ್ಟಿಲು ಕಾಣಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಮದುವೆಗಳು ನಡೆದವು, ಪ್ರಚಾರ ಸಭೆಗಳು ನಡೆದವು, ಬಜಾರು ತೆರೆದಿತ್ತು. ಮುಚ್ಚಿದ್ದು ಚಿಕ್ಕ ಮಕ್ಕಳ ತರಗತಿ.

ಇದರ ಬೆಲೆಯನ್ನು ತೆತ್ತವರು ಯಾರು? ಕೈಯಲ್ಲಿ ಮೊಬೈಲು, ಮನೆಯಲ್ಲಿ ಓದಿದ ತಾಯಿ ಇದ್ದ ಮಗು ಹೇಗೋ ದಾಟಿತು. ಖಣಿ ಕಾರ್ಮಿಕನ ಮಗು, ತಾಂಡಾದ ಮಗು, ತಂದೆಯ ಒಂದೇ ಮೊಬೈಲು ಅವನೊಂದಿಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದ ಮನೆಯ ಮಗು ದಾಟಲಿಲ್ಲ. 2021ರ ಆರಂಭದಲ್ಲಿ ರಾಜ್ಯದ ಗ್ರಾಮೀಣ ಭಾಗದಲ್ಲಿ ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣವು 2018ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಬಿಸಿಯೂಟದ ವಿಷಯವೂ ಹೀಗೆಯೇ. ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಸಿವಿನಿಂದ ಮಕ್ಕಳು ಶಾಲೆ ಬಿಡುವ ಪ್ರದೇಶ ಇದೆಂದು ಸರಕಾರವೇ ಗುರುತಿಸಿದ್ದರ ಫಲ ಅದು. ಶಾಲೆ ಮುಚ್ಚಿದಾಗ ಧಾನ್ಯ ವಿತರಣೆ ನಡೆಯಿತು, ನಿಜ. ಆದರೆ ಮನೆಗೆ ಬಂದ ಅಕ್ಕಿ ಇಡೀ ಮನೆಯ ಅಕ್ಕಿ. ತಟ್ಟೆಗೆ ಬಿದ್ದ ಬಿಸಿ ಅನ್ನ ಮಾತ್ರ ಮಗುವಿನದು.

ಒಂದು ಹಾಳೆಯ ಒಪ್ಪಿಗೆ

ಶಾಲೆಗಳು ತೆರೆದಾಗ ಪಾಲಕರ ಮುಂದೆ ಬಂದದ್ದು ಒಪ್ಪಿಗೆ ಪತ್ರ. 2021ರ ಜನವರಿಯಲ್ಲಿ ಹತ್ತನೆಯ ತರಗತಿ ಆರಂಭವಾದಾಗಲೂ, ಆಗಸ್ಟಿನ ಬಳಿಕವೂ ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿಗೆ ತರಗತಿಯ ಪ್ರವೇಶವಿರಲಿಲ್ಲ. ಹಾಜರಾತಿ ಕಡ್ಡಾಯವಲ್ಲ ಎಂಬ ರಿಯಾಯಿತಿ ಒಳ್ಳೆಯದೇ. ಹೆದರಿದ ಪಾಲಕರಿಗೆ ಅದು ಉಸಿರಾಡಲು ಅವಕಾಶ ಕೊಟ್ಟಿತು. 2021ರ ಡಿಸೆಂಬರ್ 3ರಂದು ಒಮಿಕ್ರಾನ್ ಭೀತಿಯ ನಡುವೆ ಇನ್ನೊಂದು ನಿಯಮ ಸೇರಿತು: ಶಾಲೆಗೆ ಬರುವ ಮಕ್ಕಳ ಪಾಲಕರು ಎರಡೂ ಡೋಸ್ ಲಸಿಕೆ ಪಡೆದಿರಬೇಕು.

ಲಸಿಕೆ ಪಡೆಯುವುದು ಸರಿಯಾದ ಕೆಲಸ. ಪಡೆಯಲು ಹಿಂಜರಿದವರನ್ನು ಒಪ್ಪಿಸುವುದು ಪುಣ್ಯದ ಕೆಲಸ. ಆದರೆ ತಂದೆಯ ಹಿಂಜರಿಕೆಗಾಗಿ ಮಗಳನ್ನು ಬಾಗಿಲಲ್ಲಿ ನಿಲ್ಲಿಸುವುದು ನ್ಯಾಯವೇ? ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕಲಿಸುವ ತತ್ವ. ಅಂತಹ ಮನೆಯ ಹೆಣ್ಣುಮಗು ಶಾಲೆ ಬಿಟ್ಟರೆ ಅದರಿಂದ ನೋವು ಅನುಭವಿಸುವವನು ಹಿಂಜರಿದ ತಂದೆಯಲ್ಲ. ಅವನಿಗೆ ಮನೆಗೆಲಸಕ್ಕೆ ಒಂದು ಜೊತೆ ಕೈ ಸಿಕ್ಕಂತಾಗುತ್ತದೆ, ಅಷ್ಟೇ.

ಒಪ್ಪಿಗೆ ಪತ್ರದ ವಿಷಯದಲ್ಲಿ ನಮ್ಮ ಮುಖ್ಯ ಆಕ್ಷೇಪ ಬೇರೆ. ಒಪ್ಪಿಗೆ ಎಂದರೆ ತಿಳಿದು, ಪ್ರಶ್ನಿಸಿ, ಬೇಡವೆನ್ನುವ ಅವಕಾಶವಿದ್ದೂ ಸರಿಯೆನ್ನುವುದು. ನಮ್ಮ ಫಿಕ್‌ಹಿನಲ್ಲಿ ಒಂದು ಮಾರಾಟದ ಕರಾರಿಗೂ ಎರಡೂ ಕಡೆಯವರ ಮನಃಪೂರ್ವಕ ಸಮ್ಮತಿ ಬೇಕು, ಕೊಡುವುದೇನು ಪಡೆಯುವುದೇನು ಎಂಬುದು ಇಬ್ಬರಿಗೂ ತಿಳಿದಿರಬೇಕು. ನಮ್ಮ ಶಹಾಬಾದಿನಲ್ಲಿ ಎಷ್ಟೋ ಮನೆಗಳ ಮಾತು ದಖ್ಖನಿ, ತಾಯಿಗೆ ಬರುವ ಲಿಪಿ ಉರ್ದು, ಎಷ್ಟೋ ತಾಯಂದಿರಿಗೆ ಅದೂ ಇಲ್ಲ. ಸೇಡಂನ ಗಡಿಯಲ್ಲಿ ತೆಲುಗು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಇಂತಹ ಕಡೆ ಕಚೇರಿಯ ಕನ್ನಡದಲ್ಲಿ ಬಂದ ಹಾಳೆಗೆ ಹೆಬ್ಬೆಟ್ಟು ಒತ್ತಿದರೆ ಅದು ಸಮ್ಮತಿಯೇ? ಹಾಳೆಯಲ್ಲಿ ಪಾಲಕರು ಏನೇನು ಮಾಡಬೇಕೆಂಬುದು ಇರುತ್ತದೆ. ಶಾಲೆ ಏನೇನು ಮಾಡುತ್ತದೆ, ನಳದಲ್ಲಿ ನೀರು ಬರುತ್ತದೆಯೇ, ಸಾಬೂನು ಇದೆಯೇ, ಕಿಟಕಿ ತೆರೆಯುತ್ತದೆಯೇ, ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ ಎಂಬುದಕ್ಕೆ ಅದೇ ಹಾಳೆಯಲ್ಲಿ ಯಾರು ಸಹಿ ಹಾಕುತ್ತಾರೆ?

ಸರ್ಗ್‌ನ ಘಟನೆಯೊಂದಿಗೆ ಇದನ್ನು ಹೋಲಿಸಿ ನೋಡಿರಿ. ಉಮರ್(ರ) ಎಲ್ಲರ ಸಲಹೆ ಕೇಳಿದರು, ಹೊಣೆಯನ್ನು ತಾವು ಹೊತ್ತರು. ಒಪ್ಪಿಗೆ ಪತ್ರವು ಯಾರ ಸಲಹೆಯನ್ನೂ ಕೇಳಲಿಲ್ಲ, ಹೊಣೆಯನ್ನು ಮಾತ್ರ ಪಾಲಕರ ಹೆಗಲಿಗೆ ದಾಟಿಸಿತು. ವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆಂದು ಅಶ್ಶೂರಾ ಅಧ್ಯಾಯ ಹೇಳುತ್ತದೆ. ಅಮಾನತುಗಳನ್ನು ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ. ಮಗು ಪಾಲಕರ ಕೈಯಲ್ಲಿ ಅಲ್ಲಾಹನ ಅಮಾನತು. ಹತ್ತು ಗಂಟೆಯಿಂದ ನಾಲ್ಕರವರೆಗೆ ಅದು ಶಾಲೆಯ ಕೈಯಲ್ಲಿ ಪಾಲಕರ ಅಮಾನತು. ಸಹಿ ಪಡೆದ ಮಾತ್ರಕ್ಕೆ ಅಮಾನತಿನ ಭಾರ ಇಳಿಯುವುದಿಲ್ಲ.

ಸಮಯವಿರಲಿಲ್ಲ ಎಂಬ ವಾದ

ಇದಕ್ಕೆ ಅಧಿಕಾರಿಗಳ ಕಡೆಯಿಂದ ಒಂದು ಉತ್ತರವಿದೆ. ಅದನ್ನು ಹಗುರವಾಗಿ ಕಾಣಬಾರದು. ಹಿಂದೆಂದೂ ಕಾಣದ ರೋಗ, ದಿನಕ್ಕೊಂದು ಮಾಹಿತಿ, ಮೇಲಿನಿಂದ ತುರ್ತು ಆದೇಶ. ಊರೂರಿಗೆ ಸಭೆ ಕರೆದು ಚರ್ಚಿಸುತ್ತಾ ಕುಳಿತರೆ ಜೀವಗಳು ಹೋಗುತ್ತಿದ್ದವು ಎಂದು ಅವರು ಹೇಳಬಹುದು. ರೋಗ ತಜ್ಞರ ವಿಷಯವನ್ನು ಕೂಲಿಕಾರರ ಬಳಿ ಕೇಳುವುದೇನಿದೆ ಎಂದೂ ಹೇಳಬಹುದು.

2020ರ ಮಾರ್ಚ್, ಏಪ್ರಿಲಿನ ಮಟ್ಟಿಗೆ ಈ ವಾದವನ್ನು ಒಪ್ಪುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಸಭೆ ಕರೆಯುವುದಿಲ್ಲ. ಆದರೆ ಹತ್ತೊಂಬತ್ತು ತಿಂಗಳು ಬೆಂಕಿಯ ಮೊದಲ ಗಳಿಗೆಯಲ್ಲ. ಸರ್ಗ್‌ನಲ್ಲಿ ಖಲೀಫರ ಎದುರು ಪಿಡುಗು ಇತ್ತು, ಹಿಂದೆ ಜನಸಮೂಹ ಇತ್ತು. ಆದರೂ ಅವರು ಮೂರು ಗುಂಪುಗಳನ್ನು ಒಂದಾದ ಮೇಲೊಂದರಂತೆ ಕರೆಸಿ ಕೇಳಿದರು. ಇನ್ನು ತಜ್ಞರ ಮಾತು. ವೈರಾಣು ಹೇಗೆ ಹರಡುತ್ತದೆಂಬುದನ್ನು ತಜ್ಞರೇ ಹೇಳಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಜ್ವರ ಬಂದ ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ, ಯಾವ ಓಣಿಯಲ್ಲಿ ನಳದ ನೀರು ಯಾವ ಹೊತ್ತಿಗೆ ಬರುತ್ತದೆ, ತೊಗರಿ ಕೊಯ್ಲಿನ ದಿನಗಳಲ್ಲಿ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ ಎಂಬುದರಲ್ಲಿ ಆ ಕೂಲಿಕಾರ ತಾಯಿಯೇ ತಜ್ಞೆ.

ಕೇಳುವುದಕ್ಕೆ ಹೊಸ ಕಚೇರಿಯೂ ಬೇಕಾಗಿಲ್ಲ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2001ರಿಂದಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಪಾಲಕರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು ಎನ್ನುತ್ತದೆ. ಕಾನೂನು ಸಮಾಲೋಚನೆಯ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿನಿಂದ ಒಳಗೆ ಹೋಗುವವರು ಬೇಕಾಗಿದ್ದಾರೆ.

ಮಾಡಬೇಕಾದ ಕೆಲಸಗಳು

ಶಾಲೆಗಳು ಮತ್ತು ಇಲಾಖೆಯ ಮುಂದೆ ನಾವು ಇಡುವ ಬೇಡಿಕೆಗಳು ದೊಡ್ಡವಲ್ಲ. ರೋಗದ ಕಾಲದ ಪ್ರತಿಯೊಂದು ಸೂಚನೆಯನ್ನೂ ಆಯಾ ಊರಿನ ಎಸ್‌ಡಿಎಂಸಿ ಸಭೆಯಲ್ಲಿಟ್ಟು, ಇದು ನಮ್ಮ ಓಣಿಯಲ್ಲಿ ಹೇಗೆ ನಡೆಯಬಲ್ಲುದು ಎಂದು ತೀರ್ಮಾನಿಸಲಿ. ಪಾಲಕರಿಂದ ಸಹಿ ಪಡೆಯುವ ಹಾಳೆ ಮನೆಯ ಭಾಷೆಯಲ್ಲಿರಲಿ, ಓದಲಾರದವರಿಗೆ ಓದಿ ಹೇಳಲಿ, ಅದೇ ಹಾಳೆಯಲ್ಲಿ ಶಾಲೆಯ ಕರ್ತವ್ಯಗಳೂ ಇದ್ದು ಮುಖ್ಯ ಶಿಕ್ಷಕರ ಸಹಿಯೂ ಇರಲಿ. ಜ್ವರ ಬಂದ ಮಗುವಿನ ಪಾಲಕರು ಸಿಗುವವರೆಗೆ ಅದನ್ನು ಕೂರಿಸಲು ಗಾಳಿ ಬೆಳಕಿನ ಒಂದು ಮೂಲೆ, ಕುಡಿಯಲು ನೀರು, ನೋಡಿಕೊಳ್ಳಲು ಒಬ್ಬರು ಇರಲಿ. ಬೀಗ ಹಾಕಿದ ಮನೆಗೆ ಒಂಟಿಯಾಗಿ ಕಳುಹಿಸಬಾರದು. ಮನೆಯಲ್ಲಿ ಉಳಿದ ಮಗುವಿನ ಹಾಜರಾತಿಯ ವಿಷಯವನ್ನು ಮೊದಲೇ ಸ್ಪಷ್ಟಪಡಿಸಲಿ; ಹಾಜರಾತಿಯ ಭಯದಿಂದಲೇ ಎಷ್ಟೋ ತಾಯಂದಿರು ಮಾತ್ರೆ ಕೊಟ್ಟು ಮಗುವನ್ನು ಕಳುಹಿಸುತ್ತಾರೆ. ಬಿಸಿಯೂಟ ತಪ್ಪಿದ ದಿನಗಳ ಆಹಾರವನ್ನೂ ಯೋಚಿಸಲಿ.

ಇನ್ನೊಂದು ಬೇಡಿಕೆಯು ಮಾನಕ್ಕೆ ಸಂಬಂಧಿಸಿದ್ದು. ಸೋಂಕು ಬಂದ ಮಗುವಿನ ಹೆಸರು ತರಗತಿಯಲ್ಲಿ ಕೂಗುವಂತಾಗಬಾರದು. ಪಕ್ಕದಲ್ಲಿ ಕುಳಿತವರ ಪಾಲಕರಿಗೆ ಎಚ್ಚರಿಕೆ ತಲುಪಲಿ, ಹೆಸರು ತಲುಪುವ ಅಗತ್ಯವಿಲ್ಲ. 2020ರ ವಸಂತದಲ್ಲಿ ಒಂದು ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟು ಕರೆದದ್ದರ ನೋವು ನಮ್ಮ ಮಕ್ಕಳಿಗೆ ಗೊತ್ತಿದೆ. ತಬ್ಲೀಗ್ ಜಮಾಅತ್‌ನ ವಿದೇಶೀ ಸದಸ್ಯರ ಮೇಲಿನ ಮೊಕದ್ದಮೆಗಳನ್ನು 2020ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ತೀರ್ಪು ಬರುವ ಹೊತ್ತಿಗೆ ಓಣಿಯಲ್ಲಿ ಬಿದ್ದ ಹೆಸರು ಬಿದ್ದಾಗಿತ್ತು. ರೋಗಕ್ಕೆ ಜಾತಿಯಿಲ್ಲ, ಧರ್ಮವಿಲ್ಲ. ಶಾಲೆಯಲ್ಲಿ ರೋಗಿಗೆ ಗುರುತು ಹಚ್ಚುವ ಅಭ್ಯಾಸವಾದರೆ ಜನರು ರೋಗವನ್ನು ಮುಚ್ಚಿಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ. ಆಗ ಯಾವ ಮುನ್ನೆಚ್ಚರಿಕೆಯೂ ಫಲಿಸದು.

ಕೇಳುವ ಹಕ್ಕು ಇರುವವರಿಗೆ ಮಾಡುವ ಕರ್ತವ್ಯವೂ ಇದೆ. ಪ್ರತಿಯೊಬ್ಬನೂ ಕುರುಬನಂತೆ, ತನ್ನ ಆಶ್ರಯದಲ್ಲಿರುವವರ ಬಗ್ಗೆ ಪ್ರಶ್ನಿಸಲ್ಪಡುವವನು ಎಂಬುದು ಪ್ರವಾದಿ(ಸ) ಬೋಧನೆ. ಆದುದರಿಂದ ಪ್ರಿಯ ಸಹೋದರ ಸಹೋದರಿಯರೇ, ಎಸ್‌ಡಿಎಂಸಿ ಸಭೆ ಕರೆದಾಗ ಹೋಗಿರಿ. ಅದು ಗಂಡಸರ ಕೆಲಸವೆಂದು ತಾಯಂದಿರು, ಅದು ಪುಢಾರಿಗಳ ಕೆಲಸವೆಂದು ತಂದೆಯರು ಹಿಂದೆ ಸರಿಯಬಾರದು. ಓದಿ ಹೇಳದೆ ಯಾವ ಹಾಳೆಗೂ ಹೆಬ್ಬೆಟ್ಟು ಒತ್ತಬೇಡಿರಿ, ಕೇಳುವುದು ಉದ್ಧಟತನವಲ್ಲ. ಮಗುವಿಗೆ ಜ್ವರವಿದ್ದರೆ ಮುಚ್ಚಿಡಬೇಡಿರಿ. ನಿಮ್ಮ ಒಂದು ದಿನದ ಕೂಲಿ ದೊಡ್ಡದು ನಿಜ, ಇನ್ನೊಬ್ಬರ ಮಗುವಿನ ಉಸಿರು ಅದಕ್ಕಿಂತ ದೊಡ್ಡದು.

ಆ ಕೂಲಿಯ ನಷ್ಟವನ್ನು ಹಂಚಿಕೊಳ್ಳುವುದು ಮೊಹಲ್ಲಾದ ಕೆಲಸ. ಇಲ್ಲಿ ನಮ್ಮ ಮಸೀದಿ ಕಮಿಟಿಗಳು ಮುಂದೆ ಬರಬೇಕು. ಸದಕಾದ ಹಣದಲ್ಲಿ ಒಂದು ಸಣ್ಣ ಪಾಲನ್ನು, ಮಗುವಿನ ಕಾಯಿಲೆಯಿಂದ ಕೂಲಿ ಕಳೆದುಕೊಂಡ ತಾಯಂದಿರಿಗಾಗಿ ಮೀಸಲಿಡಲಾಗದೇ? ಝಕಾತ್‌ಗೆ ಅರ್ಹರಾದವರಿಗೆ ಅದನ್ನೇ ತಲುಪಿಸಬಹುದು. ಶಾಲೆಯ ಸೂಚನೆಯನ್ನು ಜುಮಾದ ಬಳಿಕ ದಖ್ಖನಿಯಲ್ಲಿ ಐದು ನಿಮಿಷ ವಿವರಿಸುವುದು ಕಷ್ಟವೇ? ಶಾಲೆಗಳು ಮತ್ತೆ ಮುಚ್ಚುವಂತಾದರೆ ಮದ್ರಸಗಳ ಕೋಣೆಗಳನ್ನು ಸರಕಾರಿ ಶಾಲೆಯ ಮಕ್ಕಳ ಸಣ್ಣ ಗುಂಪುಗಳಿಗೆ, ಯಾವ ಧರ್ಮದವರೇ ಆಗಲಿ, ತೆರೆದುಕೊಡಬಹುದು. ವಿದ್ಯಾಗಮದ ದಿನಗಳಲ್ಲಿ ಗುಡಿಯ ಕಟ್ಟೆ, ಮಸೀದಿಯ ಅಂಗಳ ಎರಡೂ ತರಗತಿಗಳಾಗಿದ್ದವು. ಆ ನೆನಪು ಮಾಸದಿರಲಿ. ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬ ಅಲ್ ಮಾಇದಃ ಅಧ್ಯಾಯದ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅದನ್ನು ಆಚರಿಸಿ ತೋರಿಸುವ ಜಾಗ ನಮ್ಮ ಓಣಿಯ ಶಾಲೆಯೇ.

ರೋಗಗಳು ಬರುತ್ತವೆ, ಹೋಗುತ್ತವೆ. ಇಂದಿನ ಸುತ್ತೋಲೆ ನಾಳೆ ಕಡತ ಸೇರುತ್ತದೆ. ಮುಂದಿನ ಸುತ್ತೋಲೆ ಬರುವ ಮೊದಲು, ಆರೋಗ್ಯವಾಗಿರುವ ಈ ದಿನಗಳಲ್ಲಿಯೇ ನಮ್ಮ ಊರಿನ ಪ್ರತಿಯೊಂದು ಶಾಲೆಯಲ್ಲಿ ಒಂದು ಸಭೆ ನಡೆಯಲಿ. ಶಿಕ್ಷಕರು ತಮ್ಮ ಕಷ್ಟ ಹೇಳಲಿ, ತಾಯಂದಿರು ತಮ್ಮದು ಹೇಳಲಿ, ಒಂದು ಹಾಳೆಯಲ್ಲಿ ಇಬ್ಬರ ಕರ್ತವ್ಯಗಳೂ ಬರೆಯಲ್ಪಡಲಿ. ಬೇಸಿಗೆಯಲ್ಲಿ ಮಾಳಿಗೆ ಸರಿಪಡಿಸಿಕೊಂಡವನಿಗೆ ಮಳೆಗಾಲದ ಭಯವಿಲ್ಲ.

ಸರ್ವಶಕ್ತನಾದ ಅಲ್ಲಾಹನು ನಮ್ಮ ಮಕ್ಕಳನ್ನು ರೋಗರುಜಿನಗಳಿಂದ ಕಾಪಾಡಲಿ. ಅವರಿಗೆ ಕಲಿಸುವ ಶಿಕ್ಷಕರಿಗೆ ಆರೋಗ್ಯವನ್ನೂ, ಅಧಿಕಾರದಲ್ಲಿರುವವರಿಗೆ ಕೇಳುವ ಕಿವಿಯನ್ನೂ, ನಮಗೆ ಅಮಾನತನ್ನು ಹೊರುವ ಶಕ್ತಿಯನ್ನೂ ದಯಪಾಲಿಸಲಿ. ಆಮೀನ್.